ಸಹಿ ಹಾಕಿಸಿಕೊಂಡರೆ ಹೊಣೆ ತಪ್ಪುವುದಿಲ್ಲ

ಏಪ್ರಿಲ್ ಬಂತೆಂದರೆ ಸಾಕು, ಜಾಗದ ತಕರಾರು, ಚೆಕ್ ಬೌನ್ಸ್ ಪ್ರಶ್ನೆಗಳ ನಡುವೆ ಇನ್ನೊಂದು ಪ್ರಶ್ನೆ ನನ್ನ ಫೋನಿಗೆ ಬರಲು ಶುರುವಾಗುತ್ತದೆ. ಮಕ್ಕಳಿಗೆ ರಜೆ. ಮಣಿಪಾಲದಲ್ಲಿ ಫುಟ್‌ಬಾಲ್, ಬ್ಯಾಡ್ಮಿಂಟನ್ ಶಿಬಿರ, ಉಡುಪಿಯಲ್ಲಿ ಈಜು, ಕಾರ್ಕಳದಲ್ಲಿ ಕರಾಟೆ, ಸ್ಕೇಟಿಂಗ್. ಈಚೆಗೆ ಕಾಪು ಕಡೆಯ ಕಡಲಲ್ಲಿ ಸರ್ಫಿಂಗ್, ಸಾಲಿಗ್ರಾಮದ ಹಿನ್ನೀರಿನಲ್ಲಿ ಕಯಾಕಿಂಗ್ ಎಂದು ಮಕ್ಕಳ ಹಟವೂ ದೊಡ್ಡದಾಗಿದೆ. ಹೆಸರು ಕೊಡಲು ಹೋದ ಅಪ್ಪ ಅಮ್ಮಂದಿರ ಕೈಗೆ ಹಣದ ರಸೀದಿಯ ಜೊತೆ ಒಂದು ಮುಚ್ಚಳಿಕೆಯೂ ಬರುತ್ತದೆ. ‘ಮಗುವಿಗೆ ಏನೇ ಆದರೂ ನಾವು ಹೊಣೆಯಲ್ಲ’ ಎಂಬುದು ಅದರ ಸಾರ. ಅದರ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಿ, “ವಕೀಲ್ರೇ, ಇದಕ್ಕೆ ಸೈನ್ ಹಾಕಿದ್ರೆ ನಾಳೆ ನಮ್ಗೆ ಮಾತಾಡ್ಲಿಕ್ಕೆ ಉಂಟಾ?” ಎಂದು ಕೇಳುತ್ತಾರೆ.

ಶಿಬಿರ ನಡೆಸುವವರು ಕೇಳುವುದು ಇದೇ ಪ್ರಶ್ನೆಯ ಇನ್ನೊಂದು ಮಗ್ಗುಲು. “ಎಲ್ಲಾ ಪೇರೆಂಟ್ಸ್ ಹತ್ರ ಸೈನ್ ತಗೊಂಡಿದ್ದೇವೆ ಸರ್, ಇನ್ನು ನಮ್ಗೆ ತೊಂದ್ರೆ ಇಲ್ಲ ಅಲ್ವಾ?” ಮೊದಲನೆಯವರಿಗೆ ನಾನು ಹೇಳುವುದು ‘ಧಾರಾಳ ಉಂಟು’ ಎಂದು. ಎರಡನೆಯವರಿಗೆ ‘ಆ ಧೈರ್ಯ ಬೇಡ ಮಾರಾಯ್ರೇ’ ಎಂದು. ಯಾಕೆ ಎಂಬುದನ್ನು ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೋದ ವರ್ಷ ಪಕ್ಕದ ಮನೆಯವರು ತಂದು ತೋರಿಸಿದ ಫಾರ್ಮ್ ಒಂದು ನೆನಪಿಗೆ ಬರುತ್ತದೆ. ಹತ್ತು ವರ್ಷದ ಮಗನನ್ನು ನೀರಿನ ಆಟಗಳ ಶಿಬಿರಕ್ಕೆ ಸೇರಿಸುವವರಿದ್ದರು. ಎರಡು ಪುಟ, ಸಣ್ಣ ಅಕ್ಷರದ ಇಂಗ್ಲಿಷು. ಗಾಯ, ಅಂಗವೈಕಲ್ಯ, ಮರಣ ಯಾವುದು ಸಂಭವಿಸಿದರೂ, ಅದು ಸಂಘಟಕರ ನಿರ್ಲಕ್ಷ್ಯದಿಂದಲೇ ಆಗಿದ್ದರೂ, ತಾವಾಗಲಿ ತಮ್ಮ ವಾರಸುದಾರರಾಗಲಿ ಯಾವ ಕೋರ್ಟಿಗೂ ಹೋಗುವುದಿಲ್ಲ ಎಂದು ಒಂದು ಪ್ಯಾರಾ. ಯಾರಾದರೂ ಕೇಸು ಹಾಕಿದರೆ ಅದರ ಖರ್ಚನ್ನೂ ಪೋಷಕರೇ ಭರಿಸಬೇಕೆಂದು ಇನ್ನೊಂದು. ಮಗುವಿನ ಫೋಟೊವನ್ನು ಜಾಹೀರಾತಿಗೆ ಬಳಸಿಕೊಳ್ಳಲು ಅನುಮತಿ ಕೇಳುವ ಮತ್ತೊಂದು. ಕೊನೆಯಲ್ಲಿ ತಂದೆಯ ಸಹಿ, ಅದರ ಪಕ್ಕದಲ್ಲಿ ಹುಡುಗನದೇ ಸಹಿಗೂ ಜಾಗ. ಎರಡೂ ಪುಟ ತಿರುವಿ ಹಾಕಿದೆ. ಇಷ್ಟೆಲ್ಲ ಬರೆಸಿಕೊಳ್ಳುವ ಫಾರ್ಮಿನಲ್ಲಿ, ‘ಮಗುವಿಗೆ ಈಜು ಬರುತ್ತದೆಯೇ?’ ಎಂಬ ಪ್ರಶ್ನೆಯೇ ಇರಲಿಲ್ಲ. ಉಬ್ಬಸ, ಫಿಟ್ಸ್ ಇದೆಯೇ ಎಂದೂ ಕೇಳಿರಲಿಲ್ಲ. ಎಲ್ಲಿಂದಲೋ ಇಳಿಸಿಕೊಂಡ ಫಾರ್ಮಿಗೆ ಇಲ್ಲಿಯ ಹೆಸರು ಸೇರಿಸಿದ್ದರು ಅಷ್ಟೆ.

ಮೊದಲು ಹುಡುಗನ ಸಹಿಯನ್ನೇ ನೋಡೋಣ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪ್ರಾಪ್ತರಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯೇ ಇಲ್ಲ. ಹದಿನೆಂಟು ತುಂಬದವರ ಒಪ್ಪಂದ ಮೂಲದಲ್ಲೇ ಅಸಿಂಧು ಎಂದು 1903ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿದ್ದು ಮೊಹೊರಿ ಬೀಬಿ ಮತ್ತು ಧರ್ಮೋದಾಸ್ ಘೋಷ್ ಪ್ರಕರಣದಲ್ಲಿ. ಕಲ್ಕತ್ತೆಯ ಹುಡುಗನೊಬ್ಬ ಲೇವಾದೇವಿಯವರಿಗೆ 20 ಸಾವಿರ ರೂಪಾಯಿಗೆ ಆಸ್ತಿ ಅಡವು ಬರೆದುಕೊಟ್ಟಿದ್ದ. ಆ ಅಡಮಾನ ಪತ್ರ ನಿಲ್ಲಲಿಲ್ಲ. ನೂರಿಪ್ಪತ್ತು ವರ್ಷ ದಾಟಿದರೂ ಕಾನೂನು ಕಾಲೇಜಿನ ಮಕ್ಕಳು ಮೊದಲ ವರ್ಷದಲ್ಲೇ ಬಾಯಿಪಾಠ ಮಾಡುವ ತೀರ್ಪು ಅದು. ಹಾಗಾಗಿ ಹತ್ತು ವರ್ಷದವನ ಕೈಯಲ್ಲಿ ಸಹಿ ಹಾಕಿಸಿಕೊಂಡ ಮುಚ್ಚಳಿಕೆಗೆ ಕೋರ್ಟಿನಲ್ಲಿ ಕಿಮ್ಮತ್ತಿಲ್ಲ.

ಅಪ್ಪ ಅಮ್ಮ ಹಾಕಿದ ಸಹಿ? ಅಲ್ಲಿ ಎರಡು ಹಕ್ಕುಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಪೆಟ್ಟು ತಿಂದ ಮಗುವಿಗೆ ಪರಿಹಾರ ಕೇಳುವ ಹಕ್ಕು ಇದೆ, ಅದು ಮಗುವಿನದು. ಆಸ್ಪತ್ರೆ ಖರ್ಚು ತೆತ್ತ ತಂದೆ ತಾಯಿಗೂ ಕೇಳುವ ಹಕ್ಕು ಇದೆ, ಅದು ಅವರದು. ತಂದೆಯ ಸಹಿಯಿಂದ ಮಗುವಿನ ಹಕ್ಕು ಹೋಗುವುದಿಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಜೈನರಿಗೂ ಅನ್ವಯಿಸುವಂಥದ್ದು. ಮಗುವಿನ ಹಿತಕ್ಕೆ ಬೇಕಾದ್ದನ್ನೆಲ್ಲ ಪೋಷಕರು ಮಾಡಬಹುದು, ಆದರೆ ತಮ್ಮ ಸ್ವಂತ ಕರಾರಿನಿಂದ ಮಗುವನ್ನು ಕಟ್ಟಿಹಾಕುವಂತಿಲ್ಲ ಎಂದು ಅದರ 8ನೇ ಕಲಮು ನೇರವಾಗಿಯೇ ಹೇಳುತ್ತದೆ. ಉಳಿದ ಸಮುದಾಯಗಳಲ್ಲೂ ಪೋಷಕರಿಗೆ ಅಧಿಕಾರ ಇರುವುದು ಮಗುವಿನ ಒಳಿತಿಗಾಗಿಯೇ. ಆಗಲಿರುವ ಗಾಯಕ್ಕೆ ಪರಿಹಾರ ಬೇಡ ಎಂದು ಮುಂಚಿತವಾಗಿ ಬರೆದುಕೊಡುವುದರಲ್ಲಿ ಮಗುವಿಗೆ ಯಾವ ಒಳಿತೂ ಕಾಣುವುದಿಲ್ಲ. ಇನ್ನೊಂದು ಮಾತು. ಮಗುವಿನ ಹಕ್ಕಿಗೆ ಗಡಿಯಾರ ಬೇಗ ಓಡುವುದಿಲ್ಲ. 1963ರ ಕಾಲಮಿತಿ ಕಾಯ್ದೆಯಂತೆ ಹದಿನೆಂಟು ತುಂಬಿದ ಮೇಲೆ ಅವಧಿಯ ಲೆಕ್ಕ ಶುರುವಾಗುತ್ತದೆ. ಹತ್ತನೇ ವಯಸ್ಸಿನಲ್ಲಿ ಕಾಲು ಮುರಿದುಕೊಂಡವನು ಸಾಮಾನ್ಯವಾಗಿ ಇಪ್ಪತ್ತೊಂದು ತುಂಬುವವರೆಗೆ ಸಿವಿಲ್ ದಾವೆ ಹೂಡಬಹುದು. ಶಿಬಿರ ಮುಗಿದ ಮರುದಿನ ಫಾರ್ಮುಗಳನ್ನು ರದ್ದಿಗೆ ಹಾಕುವ ಸಂಘಟಕರು ಇದನ್ನು ಗಮನಿಸಬೇಕು.

ಇನ್ನು ತಂದೆ ತಾಯಿಯ ಸ್ವಂತ ಹಕ್ಕಿನ ವಿಷಯ. ಕೋರ್ಟಿಗೆ ಹೋಗುವುದಿಲ್ಲ ಎಂದು ಬರೆಸಿಕೊಳ್ಳುವ ಕರಾರನ್ನು ಕರಾರು ಕಾಯ್ದೆಯ 28ನೇ ಕಲಮು ಒಪ್ಪುವುದಿಲ್ಲ. ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಕರಾರಿಗೆ 23ನೇ ಕಲಮು ಅಡ್ಡ ನಿಲ್ಲುತ್ತದೆ. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ತಾಜ್ ಮಹಲ್ ಹೋಟೆಲಿನ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ನಾನು ಕಕ್ಷಿದಾರರಿಗೆ ಆಗಾಗ ಹೇಳುವುದುಂಟು. 1998ರಲ್ಲಿ ಅತಿಥಿಯೊಬ್ಬರು ಹೋಟೆಲಿನ ಸಿಬ್ಬಂದಿಯ ಕೈಗೆ ಕೀ ಕೊಟ್ಟು ಒಳಗೆ ಹೋದರು. ಹೊರಗೆ ಬರುವಾಗ ಮಾರುತಿ ಝೆನ್ ಕಾರು ಇಲ್ಲ. ಪಾರ್ಕಿಂಗ್ ಚೀಟಿಯಲ್ಲಿ ‘ಮಾಲೀಕರದೇ ಹೊಣೆ’ ಎಂದು ಅಚ್ಚು ಹಾಕಿತ್ತು. ತನ್ನ ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಆ ಸಾಲನ್ನು ಅಡ್ಡ ಹಿಡಿದು ಹೋಟೆಲು ನುಣುಚಿಕೊಳ್ಳುವಂತಿಲ್ಲ ಎಂದಿತು ನ್ಯಾಯಾಲಯ. ಒಪ್ಪಿಸಿದ ಕಾರಿಗೇ ಇಷ್ಟು ರಕ್ಷಣೆ ಇರುವಾಗ ಒಪ್ಪಿಸಿದ ಮಗುವಿಗೆ ಅದಕ್ಕಿಂತ ಕಡಿಮೆ ಇರಲು ಸಾಧ್ಯವೇ?

ಇಂಗ್ಲೆಂಡಿನಲ್ಲಿ ಈ ಗೊಂದಲವೇ ಇಲ್ಲ. ನಿರ್ಲಕ್ಷ್ಯದಿಂದಾದ ಸಾವು, ಗಾಯಗಳ ಹೊಣೆಯನ್ನು ಯಾವ ಚೀಟಿ, ಬೋರ್ಡುಗಳಿಂದಲೂ ಕಳಚಿಕೊಳ್ಳಲಾಗದು ಎಂದು ಅಲ್ಲಿ 1977ರಲ್ಲೇ ಕಾಯ್ದೆಯಾಯಿತು. ನಮ್ಮ ಕಾನೂನು ಆಯೋಗವೂ 2006ರ ತನ್ನ 199ನೇ ವರದಿಯಲ್ಲಿ ಅನ್ಯಾಯದ ಕರಾರುಗಳ ಬಗ್ಗೆ ಪ್ರತ್ಯೇಕ ಕಾನೂನು ಬೇಕೆಂದಿತ್ತು. ಅದು ಬರಲಿಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನ್ಯಾಯದ ಕರಾರು’ ಎಂಬುದನ್ನು ಗುರುತಿಸಿತು. ಅಂಥ ಷರತ್ತನ್ನು ರದ್ದು ಮಾಡುವ ಅಧಿಕಾರ ಈಗ ರಾಜ್ಯ ಗ್ರಾಹಕ ಆಯೋಗಕ್ಕೆ ಇದೆ. ಹಣ ಕಟ್ಟಿ ಸೇರಿಸಿದ ಶಿಬಿರದಲ್ಲಿ ಸೇವಾಲೋಪವಾಗಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕಟ್ಟಿದ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದೂ ಇಲ್ಲ. ವಕೀಲನಾಗಿ ಇದನ್ನು ನಾನೇ ಹೇಳುತ್ತಿದ್ದೇನೆ.

ಇದೆಲ್ಲ ಹಣದ ಲೆಕ್ಕ. ಪೊಲೀಸ್ ಕೇಸಿನ ಮಾತು ಬಂದಾಗ ಮುಚ್ಚಳಿಕೆಗೆ ಇನ್ನೂ ಕಡಿಮೆ ಬೆಲೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆ ಇದೆ. ಹಳೆಯ ದಂಡ ಸಂಹಿತೆಯಲ್ಲಿ ಅದು ಎರಡು ವರ್ಷ ಇತ್ತು. ಇದು ಸರ್ಕಾರ ನಡೆಸುವ ಕೇಸು. ತಂದೆ ಬರೆದುಕೊಟ್ಟ ಕಾಗದ ಅದನ್ನು ನಿಲ್ಲಿಸುವುದಿಲ್ಲ. 2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಲ್ಲಿ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ಹುಡುಗಿಯರು ನೀರುಪಾಲಾದದ್ದನ್ನು ಕರಾವಳಿಯ ನಾವು ಮರೆತಿಲ್ಲ. ಪ್ರಾಂಶುಪಾಲರು ಅಮಾನತಾದರು, ಶಿಕ್ಷಕರ ಬಂಧನವಾಯಿತು. ಶಾಲಾ ಪ್ರವಾಸಕ್ಕೆ ಪೋಷಕರ ಒಪ್ಪಿಗೆ ಪತ್ರ ಪಡೆಯುವುದು ನಮ್ಮಲ್ಲಿ ವಾಡಿಕೆ. ‘ಪ್ರವಾಸಕ್ಕೆ ಕಳುಹಿಸಲು ಒಪ್ಪಿಗೆ’ ಎಂದರೆ ‘ಅಲೆಗೆ ಬಿಡಲು ಒಪ್ಪಿಗೆ’ ಎಂದು ಯಾವ ನ್ಯಾಯಾಧೀಶರೂ ಓದುವುದಿಲ್ಲ.

ಇಂಥದೇ ಹಳೆಯ ಪ್ರಕರಣವೊಂದಿದೆ. 1995ರ ಮೇ 28ರಂದು ಪಠಾಣ್‌ಕೋಟ್ ಬಳಿಯ ಬಧಾನಿಯ ಡಾಲ್‌ಹೌಸಿ ಪಬ್ಲಿಕ್ ಸ್ಕೂಲಿನ ಮಕ್ಕಳು ಬಿಯಾಸ್ ನದಿ ತೀರಕ್ಕೆ ಪಿಕ್‌ನಿಕ್ ಹೋಗಿದ್ದರು. 14 ಮಕ್ಕಳು ಮುಳುಗಿ ಸತ್ತರು. ಪ್ರತಿ ಮಗುವಿನ ಕುಟುಂಬಕ್ಕೂ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂಬ ಹಿಮಾಚಲ ಪ್ರದೇಶ ಹೈಕೋರ್ಟಿನ ಆದೇಶವನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಕ್ಕಳನ್ನು ತಮ್ಮ ವಶಕ್ಕೆ ತೆಗೆದುಕೊಂಡವರ ಎಚ್ಚರಿಕೆ ಎಷ್ಟಿರಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ವಕೀಲರು ಈ ತೀರ್ಪನ್ನು ತೆರೆಯುತ್ತಾರೆ.

ಹಾಗಾದರೆ ಈ ಕಾಗದಕ್ಕೆ ಕವಡೆ ಕಾಸಿನ ಬೆಲೆಯೂ ಇಲ್ಲವೇ? ಇದೆ. ಆಟ ಎಂದಮೇಲೆ ಅದರ ಜೊತೆಗೇ ಹುಟ್ಟಿದ ಅಪಾಯ ಇರುತ್ತದೆ. ಕಬಡ್ಡಿ ಆಡುವವನ ಮೊಣಕಾಲು ತರಚುತ್ತದೆ, ಫುಟ್‌ಬಾಲಿನಲ್ಲಿ ಪಾದ ಉಳುಕುತ್ತದೆ, ಸರ್ಫಿಂಗ್ ಕಲಿಯುವವನಿಗೆ ತನ್ನದೇ ಹಲಗೆ ಹಣೆಗೆ ಬಡಿಯುತ್ತದೆ. ಎಲ್ಲ ಎಚ್ಚರಿಕೆ ತೆಗೆದುಕೊಂಡ ಮೇಲೂ ಆಗುವ ಪೆಟ್ಟು ಇದು. ಇದಕ್ಕೆ ತರಬೇತುದಾರನನ್ನು ಕಟಕಟೆಗೆ ಎಳೆಯುವುದು ನ್ಯಾಯವಲ್ಲ. ಈ ಅಪಾಯ ತಿಳಿದೇ ಸೇರಿಸಿದ್ದೇವೆ ಎಂಬುದಕ್ಕೆ ಸಹಿ ಮಾಡಿದ ಕಾಗದ ಒಳ್ಳೆಯ ಸಾಕ್ಷಿ. ಆದರೆ ಜೀವರಕ್ಷಕರು ಬೇಡವೆಂದ ದಿನ ಮಕ್ಕಳನ್ನು ಅಲೆಗೆ ಇಳಿಸಿದರೆ, ಕಾಪು ದೀಪಸ್ತಂಭದ ಬಂಡೆಗಳ ಮಗ್ಗುಲಲ್ಲಿ ಸೆಳೆತ ಇರುವುದು ಗೊತ್ತಿದ್ದೂ ಅಲ್ಲೇ ಪಾಠ ಶುರು ಮಾಡಿದರೆ, ದೊಡ್ಡವರ ಲೈಫ್ ಜಾಕೆಟನ್ನೇ ಎಂಟು ವರ್ಷದವಳಿಗೆ ಸುತ್ತಿ ಕಳುಹಿಸಿದರೆ, ಅದು ಆಟದ ಅಪಾಯವಲ್ಲ, ಆಡಿಸುವವರ ತಪ್ಪು. ಗಾಯ ಒಂದೇ ಇರಬಹುದು, ಕಾರಣ ಬೇರೆ. ಇಡೀ ಕೇಸು ನಿಲ್ಲುವುದು ಈ ವ್ಯತ್ಯಾಸದ ಮೇಲೆ.

ಅಮೆರಿಕದ ನ್ಯಾಯಾಲಯಗಳು ಇದೇ ವಿಷಯದಲ್ಲಿ ಎರಡು ದಾರಿ ಹಿಡಿದಿವೆ. ಒಹಾಯೊ ರಾಜ್ಯದಲ್ಲಿ ಏಳು ವರ್ಷದ ಹುಡುಗನೊಬ್ಬ ಫುಟ್‌ಬಾಲ್ ಅಭ್ಯಾಸದ ಬಳಿಕ ಗೋಲುಕಂಬಕ್ಕೆ ಜೋತುಬಿದ್ದಾಗ ಕಂಬವೇ ಅವನ ಮೇಲೆ ಬಿತ್ತು. ತಾಯಿ ಹಾಕಿದ ಸಹಿಯನ್ನು 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಊರ್ಜಿತಗೊಳಿಸಿತು. ಕ್ಲಬ್ ಲಾಭಕ್ಕಾಗಿ ನಡೆಯುವುದಲ್ಲ, ಸ್ವಯಂಸೇವಕರು ಹೆದರಿ ಹಿಂದೆ ಸರಿದರೆ ಮಕ್ಕಳಿಗೆ ಆಟವೇ ಇಲ್ಲವಾಗುತ್ತದೆ ಎಂಬುದು ಅದರ ತರ್ಕ. ನ್ಯೂಜೆರ್ಸಿಯಲ್ಲಿ ಹನ್ನೆರಡು ವರ್ಷದ ಹುಡುಗ ವ್ಯಾಪಾರಿ ಸ್ಕೇಟ್‌ಬೋರ್ಡ್ ಪಾರ್ಕಿನಲ್ಲಿ ಗಾಯಗೊಂಡಾಗ, ಪೋಷಕರ ಸಹಿ ಮಗುವಿನ ಹಕ್ಕನ್ನು ಕಸಿಯಲಾರದು ಎಂದು 2006ರಲ್ಲಿ ತೀರ್ಪಾಯಿತು. ನಮ್ಮ ಕಾನೂನು ಎರಡನೆಯ ದಾರಿಗೆ ಹತ್ತಿರ. ಆದರೆ ಒಹಾಯೊದ ಆತಂಕವನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಮಕ್ಕಳ ಆಟ ಉಳಿದಿರುವುದೇ ಯುವಕ ಮಂಡಲ, ಮಹಿಳಾ ಮಂಡಲಗಳಿಂದ. ಆಟಿ ತಿಂಗಳ ಭಾನುವಾರಗಳಲ್ಲಿ ಎಲ್ಲ ಊರಲ್ಲೂ ‘ಕೆಸರ್ಡ್ ಒಂಜಿ ದಿನ’. ಉತ್ತ ಗದ್ದೆಯಲ್ಲಿ ಹಗ್ಗ ಜಗ್ಗಾಟ, ಓಟ, ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆಯುವ ಪಂದ್ಯ. ಅಲ್ಲಿ ಫಾರ್ಮೂ ಇಲ್ಲ, ಶುಲ್ಕವೂ ಇಲ್ಲ. ಕಾರ್ಕಳ ಕಡೆಯ ಒಂದು ಮಂಡಲದ ಅಧ್ಯಕ್ಷರು ಒಮ್ಮೆ ಬಂದು, “ಈ ಸಲ ನಾವೂ ಮುಚ್ಚಳಿಕೆ ಬರೆಸಿಕೊಳ್ಳುವುದಾ ಅಂತ” ಎಂದು ಕೇಳಿದರು. ಪುಕ್ಕಟೆ ಆಟವಾದ್ದರಿಂದ ಗ್ರಾಹಕ ಕಾಯ್ದೆ ನಿಮಗೆ ತಾಗುವುದಿಲ್ಲ, ಆದರೆ ಎಚ್ಚರಿಕೆಯ ಹೊಣೆ ಫಾರ್ಮ್ ಇದ್ದರೂ ಇಲ್ಲದಿದ್ದರೂ ಅಷ್ಟೇ ಎಂದೆ. ಮುಚ್ಚಳಿಕೆಯ ಖರ್ಚಿನಲ್ಲಿ ಹಿಂದಿನ ದಿನ ನಾಲ್ಕು ಜನ ಗದ್ದೆಗೆ ಇಳಿದು ಬಾಟಲಿ ಚೂರು, ಗೂಟ, ಮೊನಚು ಕಲ್ಲು ಹೆಕ್ಕಲಿ. ಕಾಲಲ್ಲಿ ಗಾಯ ಇರುವ ಮಕ್ಕಳನ್ನು ಕೆಸರಿಗೆ ಬಿಡಬೇಡಿ. ಮಳೆಗಾಲದಲ್ಲಿ ನಮ್ಮಲ್ಲಿ ಇಲಿಜ್ವರದ ಕಾಟ ಇದ್ದದ್ದೇ, ಗಾಯದ ಮೂಲಕ ಅದು ಸುಲಭವಾಗಿ ಒಳಹೊಗುತ್ತದೆ. ಆಟ ಮುಗಿದ ಕೂಡಲೇ ತೊಳೆದುಕೊಳ್ಳಲು ಶುದ್ಧ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಗದ್ದೆಯ ಅಂಚಿನವರೆಗೆ ಬರಲು ಸಾಧ್ಯವಿರುವ ಒಂದು ವಾಹನ ಇರಲಿ. ಉಳಿದದ್ದಕ್ಕೆ ವಿಮೆ.

ವಿಮೆಯ ಮಾತನ್ನು ಬಹಳ ಜನ ಕೇಳಿಸಿಕೊಳ್ಳುವುದೇ ಇಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆಯಲ್ಲ ಎನ್ನುತ್ತಾರೆ. ಅದು 18ರಿಂದ 70 ವರ್ಷದವರಿಗೆ ಮಾತ್ರ, ಮಕ್ಕಳಿಗೆ ಇಲ್ಲ. ಶಿಬಿರದ ಅವಧಿಗೆ ಎಲ್ಲ ಮಕ್ಕಳನ್ನು ಸೇರಿಸಿ ಗುಂಪು ಅಪಘಾತ ವಿಮೆ ಮಾಡಿಸಬಹುದು. ಸಂಘಟಕರ ಮೇಲೆ ಬರುವ ಪರಿಹಾರದ ಹೊರೆಗೂ ಬೇರೆ ಪಾಲಿಸಿ ಸಿಗುತ್ತದೆ. ಇದು ನನ್ನ ಖಚಿತ ಅಭಿಪ್ರಾಯ: ಮಕ್ಕಳ ಶಿಬಿರ ನಡೆಸುವವರಿಗೆ ನಿಜವಾದ ರಕ್ಷಣೆ ಸಿಗುವುದು ವಿಮೆಯಿಂದ ಮತ್ತು ಬರೆದಿಟ್ಟ ದಾಖಲೆಯಿಂದ. ಯಾವ ದಿನ ಎಷ್ಟು ಮಕ್ಕಳು ಬಂದರು, ಯಾರು ನೋಡಿಕೊಂಡರು, ಸಲಕರಣೆಯನ್ನು ಯಾವಾಗ ಪರೀಕ್ಷಿಸಲಾಯಿತು ಎಂಬ ಒಂದು ನೋಟ್ ಪುಸ್ತಕ, ನೂರು ಮುಚ್ಚಳಿಕೆಗಳಿಗಿಂತ ಹೆಚ್ಚು ಕೋರ್ಟಿನಲ್ಲಿ ಕೆಲಸಕ್ಕೆ ಬರುತ್ತದೆ.

ಒಳ್ಳೆಯ ಫಾರ್ಮ್ ಎಂಬುದೂ ಇದೆ, ಒಂದೇ ಪುಟದಲ್ಲಿ ಮುಗಿಯುವಂಥದ್ದು. ಅದು ಕನ್ನಡದಲ್ಲಿ ಇರುತ್ತದೆ. ಈ ಆಟದಲ್ಲಿ ಯಾವ ಯಾವ ಪೆಟ್ಟು ಬೀಳಬಹುದು ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತದೆ. ಮಗುವಿನ ಕಾಯಿಲೆ, ಔಷಧಿ, ಅಲರ್ಜಿ, ರಕ್ತದ ಗುಂಪು ಕೇಳುತ್ತದೆ. ತುರ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು, ಅವರು ಸಿಗದಿದ್ದರೆ ಯಾವ ಆಸ್ಪತ್ರೆಗೆ ಒಯ್ಯಬೇಕು, ಚಿಕಿತ್ಸೆ ಶುರು ಮಾಡಲು ಅನುಮತಿ ಉಂಟೇ ಎಂದು ಬರೆಸಿಕೊಳ್ಳುತ್ತದೆ. ಫೋಟೊ ತೆಗೆಯುವ ಅನುಮತಿಗೆ ಬೇರೆಯೇ ಸಹಿ ಇಟ್ಟಿರುತ್ತದೆ, ಬೇಡವೆಂದವರ ಮಗುವನ್ನು ಹೊರಗೆ ನಿಲ್ಲಿಸುವುದಿಲ್ಲ. ಇಂಥ ಫಾರ್ಮಿಗೆ ನಾನಾದರೆ ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ. ನಿರ್ಲಕ್ಷ್ಯಕ್ಕೂ ಹೊಣೆಯಲ್ಲ ಎಂಬ ಸಾಲು ಸಿಕ್ಕಿದರೆ ಅದಕ್ಕೊಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆದು, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡು ಉಳಿದದ್ದಕ್ಕೆ ಸಹಿ ಮಾಡಬಹುದು. ಗೆರೆ ಎಳೆಯಲು ಬಿಡದಿದ್ದರೂ ಹೆದರಬೇಕಾಗಿಲ್ಲ. ಮಗುವಿನ ಹಕ್ಕು ಅಲ್ಲಿಗೆ ಮುಗಿಯುವುದಿಲ್ಲ ಎಂಬುದನ್ನು ಮೇಲೆಯೇ ನೋಡಿದೆವು.

ನಾನು ಹೆಚ್ಚು ಹೆದರುವುದು ಇನ್ನೊಂದಕ್ಕೆ. ಇಂಥ ಫಾರ್ಮ್ ಓದಿ ಗಾಬರಿಯಾಗಿ, “ನಮ್ಮ ಮಕ್ಕಳಿಗೆ ಈ ಉಸಾಬರಿಯೇ ಬೇಡ” ಎಂದು ಮನೆಯಲ್ಲೇ ಕೂರಿಸುವವರಿದ್ದಾರೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ಮನೆ ಹಿಂದೆ ಕೆರೆ ಇರುವ ಈ ಜಿಲ್ಲೆಯಲ್ಲಿ ಈಜು ಕಲಿಯದ ಮಗುವಿಗೆ ಇರುವ ಅಪಾಯ ಯಾವ ಶಿಬಿರದ ಅಪಾಯಕ್ಕಿಂತಲೂ ದೊಡ್ಡದು. ಕಾಪು ತಾಲ್ಲೂಕಿನ ಪಡುಬಿದ್ರಿ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಜೀವರಕ್ಷಕರು ಇಲ್ಲವೇ ಜೀವರಕ್ಷಣೆಯ ಸಲಕರಣೆ, ಪ್ರಥಮ ಚಿಕಿತ್ಸೆಯ ಸೌಕರ್ಯ ಇರಲೇಬೇಕು ಎಂಬುದು ಆ ಮಾನ್ಯತೆಯ ಷರತ್ತುಗಳಲ್ಲಿ ಒಂದು. ಮನಸ್ಸು ಮಾಡಿದರೆ ನಮ್ಮ ಕಡಲಲ್ಲೂ ವ್ಯವಸ್ಥೆ ಸಾಧ್ಯ.

ಆದ್ದರಿಂದ ಈ ಏಪ್ರಿಲಿನಲ್ಲಿ ಪೆನ್ನು ತೆಗೆಯುವ ಮುಂಚೆ ಬಾಯಿ ತೆರೆಯಿರಿ. ಒಬ್ಬ ತರಬೇತುದಾರನಿಗೆ ಎಷ್ಟು ಮಕ್ಕಳು? ಸಿಪಿಆರ್ ಕಲಿತವರು ಅಲ್ಲಿ ಇಡೀ ಹೊತ್ತು ಇರುತ್ತಾರೆಯೇ? ಮಗುವಿನ ಅಳತೆಯ ಜಾಕೆಟ್, ಹೆಲ್ಮೆಟ್ ಇದೆಯೇ? ವಿಮೆ ಮಾಡಿಸಿದ್ದರೆ ಪಾಲಿಸಿ ಯಾವುದು? ಕೇಳಲು ಸಂಕೋಚ ಬೇಡ. ಸರಿಯಾಗಿ ನಡೆಸುವವರು ಈ ಪ್ರಶ್ನೆಗಳಿಗೆ ಮುನಿಸಿಕೊಳ್ಳುವುದಿಲ್ಲ, ಕರೆದು ತೋರಿಸುತ್ತಾರೆ. ತಡಬಡಾಯಿಸಿದರೆ ಬೇರೆ ಶಿಬಿರ ಹುಡುಕಿ. ಆಟ ಮಾತ್ರ ಬಿಡಿಸಬೇಡಿ.